ಕಾಯಿಯಲ್ಲದ ಮಾಚಿಕಾಯಿ

ಬಾಣಂತಿ ಇರುವ ಮನೆಯಲ್ಲಿ ಸಾಣೆಕಲ್ಲಿಗೆ ಪುರುಸೊತ್ತಿರುವುದಿಲ್ಲ. ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ, ಆಮೇಲೆ ಮಾಚಿಕಾಯಿ. ತಂಗಿಯ ಬಾಣಂತನದಲ್ಲಿ ಈ ಸಾಮಾನು ತರುವ ಕೆಲಸ ನನ್ನದಾಗಿತ್ತು. ಗ್ರಂಥಿಗೆ ಅಂಗಡಿಯವರು ಮಾಚಿಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ, ತೂತು ಬಿದ್ದದ್ದನ್ನೆಲ್ಲ ಪಕ್ಕಕ್ಕೆ ಸರಿಸುತ್ತಿದ್ದರು. "ತೂತಿದ್ದರೆ ಸತ್ವ ಕಮ್ಮಿ ಸ್ವಾಮಿ, ಹುಳ ತಿಂದುಬಿಟ್ಟಿರುತ್ತೆ" ಎಂದರು. ಅಕ್ಕಿಗೆ ಹುಳ ಬೀಳುವ ಹಾಗೆ ಇದಕ್ಕೂ ಮೂಟೆಯಲ್ಲಿ ಬಿದ್ದಿರಬೇಕು ಎಂದುಕೊಂಡು ಸುಮ್ಮನಾದೆ.

ವಿಷಯ ತಿರುಗಾಮುರುಗಾ ಇದೆ. ಹುಳುವಿಗಾಗಿಯೇ ಆ ಕಾಯಿ ಆದದ್ದು.

ಮಾಚಿಕಾಯಿ ಬರುವುದು ಟರ್ಕಿ, ಸಿರಿಯಾ, ಇರಾನ್ ಕಡೆಯ ಒಂದು ಜಾತಿಯ ಓಕ್ ಮರದಿಂದ. ಆ ಮರದ ನಿಜವಾದ ಕಾಯಿ ಬೇರೆಯೇ ಇದೆ, ತಲೆಗೆ ಟೋಪಿ ಇಟ್ಟುಕೊಂಡಂತಿರುತ್ತದೆ. ಮಾಚಿಕಾಯಿ ಹೂವಿನಿಂದ ಆದದ್ದಲ್ಲ, ಅದರೊಳಗೆ ಬೀಜವೂ ಇಲ್ಲ. ಅದೊಂದು ಗಂಟು. ಸಂಸ್ಕೃತದಲ್ಲಿ ಇದಕ್ಕೆ ಮಾಯಾಫಲ ಎಂಬ ಹೆಸರಿದೆ. ಇಟ್ಟವರಿಗೆ ಒಳಗುಟ್ಟು ಗೊತ್ತಿತ್ತೋ ಇಲ್ಲವೋ, ಹೆಸರಂತೂ ಸರಿಯಾಗಿಯೇ ಕೂತಿದೆ.

ಕೆಲವೇ ಮಿಲಿಮೀಟರ್ ಉದ್ದದ ಒಂದು ಕಣಜ ಓಕ್‌ನ ಮೊಗ್ಗಿಗೆ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆಯಿಡುತ್ತದೆ. ಎಳೆಯ ಜಾಗವೇ ಆಗಬೇಕು. ಬಲಿತ ಎಲೆಯ ಜೀವಕೋಶ ತಾನು ಏನಾಗಬೇಕೋ ಅದಾಗಿ ಮುಗಿದಿರುತ್ತದೆ. ಮೊಗ್ಗಿನಲ್ಲಿರುವುದನ್ನು ಇನ್ನೂ ಒಲಿಸಿಕೊಳ್ಳಬಹುದು. ಮೊಟ್ಟೆಯೊಡೆದು ಮರಿಹುಳು ಬರುತ್ತಿದ್ದಂತೆ ಅದರ ಸುತ್ತಲಿನ ಜೀವಕೋಶಗಳು ಕರಗಿ ಗುಳಿ ಬೀಳುತ್ತದೆ. ಹುಳು ಗುಳಿಯೊಳಗೆ ಇಳಿಯುತ್ತದೆ, ಅಕ್ಕಪಕ್ಕದ ಅಂಗಾಂಶ ಬೆಳೆದು ಮೇಲಿನಿಂದ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಮನೆ ಕಟ್ಟುವ ಖರ್ಚೆಲ್ಲ ಮರದ್ದು. ನಡುಕೋಣೆಯ ಗೋಡೆಗೆ ಪ್ರೋಟೀನು, ಕೊಬ್ಬು, ಸಕ್ಕರೆ ತುಂಬಿದ ಮೆತ್ತನೆಯ ಜೀವಕೋಶಗಳ ಪದರ. ಮಲಗಿದಲ್ಲಿಂದಲೇ ಹುಳು ಅದನ್ನು ಮೇಯುತ್ತದೆ. ಅದರಾಚೆ ಮರದಂತೆ ಗಟ್ಟಿಯಾದ ಗೋಡೆ. ಎಲ್ಲಕ್ಕಿಂತ ಹೊರಗೆ ಬಾಯಿಗಿಟ್ಟರೆ ನಾಲಿಗೆ ಹಿಡಿದುಕೊಳ್ಳುವಂಥ ಒಗರಿನ ತೊಗಲು. ಆ ಒಗರೆಂದರೆ ಟ್ಯಾನಿನ್. ಇದೇ ಒಗರನ್ನು ಅನ್ನಭೇದಿಯೊಂದಿಗೆ ಕೂಡಿಸಿ ಯುರೋಪಿನವರು ನೂರಾರು ವರ್ಷ ಕಪ್ಪು ಶಾಯಿ ಮಾಡಿಕೊಂಡರು. ಇನ್ನೊಂದು ಮಾತು, ಊಟದ ಹೊತ್ತಲ್ಲದಿದ್ದರೆ ಓದಿ: ಈ ಹುಳುವಿನ ಜಠರಕ್ಕೂ ಹಿಂಗರುಳಿಗೂ ಬೆಳೆಯುವಷ್ಟು ಕಾಲ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಮುಚ್ಚಿದ ಕೋಣೆ ಕೊಳಕಾಗುವುದಿಲ್ಲ.

ಮುಚ್ಚಿದ ಗಂಟಿನೊಳಗೆ ಹುಳು ಹೇಗೆ ಬಂತು ಎಂಬುದು ದೊಡ್ಡವರನ್ನೂ ತಬ್ಬಿಬ್ಬು ಮಾಡಿದೆ. ನೊಣ ಮೊಟ್ಟೆಯಿಡದೆ ಮಾಂಸದಲ್ಲಿ ಹುಳು ಹುಟ್ಟುವುದಿಲ್ಲವೆಂದು 1668ರಲ್ಲಿ ತೋರಿಸಿಕೊಟ್ಟವನು ಇಟಲಿಯ ಫ್ರಾಂಚೆಸ್ಕೊ ರೆಡಿ. ಅದೇ ರೆಡಿ ಗಂಟಿನ ವಿಚಾರಕ್ಕೆ ಬಂದಾಗ, ಈ ಹುಳುವನ್ನು ಗಿಡವೇ ಹೆರುತ್ತದೆ ಎಂದು ನಂಬಿದ. ಹನ್ನೊಂದು ವರ್ಷಗಳ ಮೇಲೆ, 1679ರಲ್ಲಿ, ಅವನ ದೇಶದವನೇ ಆದ ಮಾರ್ಚೆಲ್ಲೊ ಮಲ್ಪೀಗಿ ಗಂಟುಗಳನ್ನು ಕೊಯ್ದು ನೋಡಿ, ಇದಕ್ಕೆಲ್ಲ ಮೂಲ ಕೀಟದ ಮೊಟ್ಟೆ ಎಂದು ಬರೆದ.

ಒಂದೇ ಓಕ್ ಮರದಲ್ಲಿ ಬೇರೆ ಬೇರೆ ಕಣಜಗಳು ಬೇರೆ ಬೇರೆ ಗಂಟು ಕಟ್ಟಿಸುತ್ತವೆ: ಗೋಲಿಯಂಥದ್ದು, ಮುಳ್ಳಿನದ್ದು, ಹತ್ತಿಯ ಉಂಡೆಯಂಥದ್ದು. ಸಾಮಗ್ರಿ ಮರದ್ದು, ನಕ್ಷೆ ಕೀಟದ್ದು. ನಕ್ಷೆ ಮರಕ್ಕೆ ತಲುಪುವುದು ಹೇಗೆ? ಸಸ್ಯಗಳ ಬೆಳವಣಿಗೆಯ ಹಾರ್ಮೋನುಗಳನ್ನು ಗಂಟು ಕಟ್ಟಿಸುವ ಕೆಲವು ಕೀಟಗಳು ತಾವೇ ತಯಾರಿಸುತ್ತವೆ. ಆದರೆ ಹಾರ್ಮೋನೆಂದರೆ ಗಾರೆಯವನಿಗೆ "ಕಟ್ಟಪ್ಪ" ಎಂದಷ್ಟೇ. ಅಡುಗೆಮನೆ ಎಲ್ಲಿ, ಗೋಡೆ ಎಷ್ಟು ದಪ್ಪ ಎಂದು ಹೇಳುವವರು ಬೇರೆ ಇರಬೇಕಲ್ಲ.

ಇದರ ಒಂದು ಎಳೆ ಸಿಕ್ಕಿದ್ದು ಅಮೆರಿಕದ ವಿಚ್ ಹೇಜಲ್ ಎಂಬ ಗಿಡದಲ್ಲಿ. ಅದರ ಎಲೆಯ ಮೇಲೆ ಒಂದು ಜಾತಿಯ ಸಸ್ಯಹೇನು ಚೂಪು ಟೋಪಿಯಂಥ ಗಂಟು ಎಬ್ಬಿಸುತ್ತದೆ. ಕೆಲವು ಹಸಿರು, ಕೆಲವು ಕೆಂಪು. ಒಂದೇ ಎಲೆಯಲ್ಲಿ ಎರಡೂ ಇರುವುದುಂಟು. ಎಲೆ ಒಂದೇ ಆದಮೇಲೆ ಬಣ್ಣದ ವ್ಯತ್ಯಾಸ ಹೇನಿನಿಂದಲೇ ಬಂದಿರಬೇಕು. ಜನೇಲಿಯಾ ಸಂಶೋಧನಾ ಕೇಂದ್ರದವರು 2021ರಲ್ಲಿ ಅದಕ್ಕೆ ಕಾರಣವಾದ ಜೀನ್ ಅನ್ನು ಹೇನಿನ ಡಿಎನ್ಎಯಲ್ಲಿ ಪತ್ತೆಹಚ್ಚಿದರು. ಅದು ಕೆಲಸ ಮಾಡುವುದು ಹೇನಿನ ಜೊಲ್ಲುಗ್ರಂಥಿಯಲ್ಲಿ. ಅಲ್ಲಿ ಅದು ಚುರುಕಾಗಿದ್ದರೆ ಗಿಡದ ಕೆಂಪುಬಣ್ಣದ ಜೀನ್‌ಗಳು ತೆಪ್ಪಗಾಗಿ ಗಂಟು ಹಸಿರಾಗುತ್ತದೆ, ಮಂಕಾಗಿದ್ದರೆ ಕೆಂಪಾಗುತ್ತದೆ. ಒಂದು ಪ್ರಾಣಿಯ ಜೀನ್ ಒಂದು ಸಸ್ಯದ ಬಣ್ಣ ನಿರ್ಧರಿಸುತ್ತಿದೆ! ಆ ಹೇನಿನಲ್ಲಿ ಇಂಥ ಒಂದೇ ಕುಟುಂಬದ ಜೀನ್‌ಗಳು 400ಕ್ಕೂ ಹೆಚ್ಚಿವೆ. ಅವಕ್ಕೆ ಬೈಸಿಕಲ್ ಎಂದು ಹೆಸರಿಟ್ಟಿದ್ದಾರೆ. ಪ್ರೋಟೀನಿನ ಅಕ್ಷರಗಳಲ್ಲಿ 'ಸಿವೈಸಿ' ಎರಡು ಸಲ ಬರುವುದಕ್ಕೆ ಆ ಹೆಸರು, ಸೈಕಲ್ಲಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ನಮ್ಮಲ್ಲಿ ಮಾವಿನೆಲೆಯ ಮೇಲಿನ ಗುಳ್ಳೆಗಳನ್ನು ನೋಡದವರಿಲ್ಲ. ಅವು ಪುಟಾಣಿ ನೊಣಗಳ ಕೆಲಸ. (ಹೊಂಗೆ ಎಲೆಯದ್ದು ನುಸಿಯ ಕೆಲಸ, ನುಸಿ ಕೀಟವಲ್ಲ.) ಮಾವಿಗೆ ಅದರಿಂದ ಸಾಮಾನ್ಯವಾಗಿ ಅಂಥ ನಷ್ಟವೇನಿಲ್ಲ. ಭತ್ತದ ಕಣೆ ನೊಣ ಹಾಗಲ್ಲ. ನೋಡಲು ಸೊಳ್ಳೆಯಂತಿರುವ ಇದರ ಮರಿ ಎಲೆಯ ಪೊರೆಗಳ ನಡುವೆ ಜಾರಿ ತೆಂಡೆಯ ಬೆಳೆಯುವ ತುದಿ ಮುಟ್ಟುತ್ತದೆ. ತೆನೆಯಾಗಬೇಕಾದ ತೆಂಡೆ ಈರುಳ್ಳಿ ಗರಿಯಂಥ ಟೊಳ್ಳು ಕೊಳವೆಯಾಗುತ್ತದೆ. ಬೆಳ್ಳಗಿನ ಕೊಳವೆ ರೈತರ ಕಣ್ಣಿಗೆ ಬೀಳುವ ಹೊತ್ತಿಗೆ ಆ ತೆಂಡೆಯ ಕಥೆ ಮುಗಿದಿರುತ್ತದೆ. ಒಳಗೆ ಕೋಶಾವಸ್ಥೆಗೆ ಬಂದ ಹುಳು ಹೊರಳುತ್ತ ಕೊಳವೆಯ ತುದಿಯವರೆಗೆ ಏರಿ, ತೂತು ಕೊರೆದು, ನೊಣ ಹಾರಿದ ಮೇಲೆ ಪೊರೆ ಮಾತ್ರ ಆ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಮಾಚಿಕಾಯಿಯ ತೂತೂ ಅಂಥದ್ದೇ, ಕಣಜ ಹೊರಟುಹೋದ ಬಾಗಿಲು. ಹಾಗಾದರೆ ಅಂಗಡಿಯವರು ಆರಿಸಿ ಕೊಟ್ಟ, ತೂತಿಲ್ಲದ ಒಳ್ಳೆಯ ಮಾಲಿನ ಗತಿ? ಒಂದನ್ನು ಕುಟ್ಟಾಣಿಯಲ್ಲಿ ಮೆಲ್ಲಗೆ ಒಡೆದೆ. ನಡುವೆ ಕೊತ್ತಂಬರಿ ಬೀಜ ಹಿಡಿಯುವಷ್ಟು ಕೋಣೆ, ಅದರಲ್ಲಿ ರೆಕ್ಕೆ ಮಡಿಸಿಕೊಂಡು ಒಣಗಿಹೋದ ಕಂದು ಕಣಜ. ಅಂಗೈಯಲ್ಲಿಟ್ಟು ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು.

"ನಿಮ್ಮ ಮೂವರಿಗೂ ಇದನ್ನೇ ತೇಯ್ದು ನೆಕ್ಕಿಸಿದ್ದು" ಎಂದಳು.