ಕಂಬಂ ಕಣಿವೆ: ಕುಡಿತ ಬಿಟ್ಟವರಿಗೆ ಮೊಬೈಲ್ ಆಸರೆ

ಕಂಬಂ (ತೇನಿ ಜಿಲ್ಲೆ): ಆಸ್ಪತ್ರೆಯಲ್ಲಿ ಮಲಗಿ ಕುಡಿತ ಬಿಟ್ಟವರಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಮನೆಗೆ ಬಂದ ಮೇಲೆ. ಅಲ್ಲಿ ವೈದ್ಯರಿದ್ದರು, ಮಾತ್ರೆ ಇತ್ತು, ಬಾಟಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಊರಿಗೆ ಬಂದ ದಿನವೇ ಅದೇ ಬಸ್ ಸ್ಟ್ಯಾಂಡು, ಅದೇ ಗೆಳೆಯರು, ಅದೇ ಟಾಸ್ಮಾಕ್ ಅಂಗಡಿ. ತಮಿಳುನಾಡು ಸರ್ಕಾರದ ಈ ಮದ್ಯದಂಗಡಿಗಳು ಮಧ್ಯಾಹ್ನ 12ಕ್ಕೆ ತೆರೆದರೆ ಬಾಗಿಲು ಹಾಕುವುದು ರಾತ್ರಿ 10ಕ್ಕೆ. ಕೂಲಿ ಕೈಗೆ ಬಂದ ಸಂಜೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಇರೋದು ವೈದ್ಯರಲ್ಲ, ಜೇಬಿನಲ್ಲಿರುವ ಮೊಬೈಲು.

ಈ ಮೊಬೈಲನ್ನೇ ಚಿಕಿತ್ಸೆಗೆ ಜೋಡಿಸಿಕೊಳ್ಳುವ ಪ್ರಯತ್ನ ಈಗ ಬಹಳ ಕಡೆ ನಡೆದಿದೆ. ಕಂಬಂ ಕಣಿವೆಯ ಕನ್ನಡ ಮನೆಗಳಿಗೆ ಇದರಿಂದ ಏನು ಸಿಗುತ್ತದೆ ಎಂಬುದು ಪ್ರಶ್ನೆ.

ಕೂಲಿಯೂ ಬೇಕು, ಚಿಕಿತ್ಸೆಯೂ ಬೇಕು

ಕಂಬಂ, ಬೋಡಿ ಭಾಗದಿಂದ ಕೆಲಸಕ್ಕೆಂದು ಗಡಿ ದಾಟಿ ಇಡುಕ್ಕಿ ಜಿಲ್ಲೆಯ ಏಲಕ್ಕಿ ತೋಟಗಳಿಗೆ ಹೋಗುವವರು ಬಹಳ ಮಂದಿ. ಬೆಳಗಾಗುವ ಮೊದಲೇ ಜೀಪು ಹತ್ತಿದರೆ ಮರಳುವುದು ಸಂಜೆಗೆ. ಇಂಥವರಿಗೆ ವಾರಕ್ಕೊಮ್ಮೆ ಕೌನ್ಸೆಲಿಂಗ್‌ಗೆ ಬನ್ನಿ ಎಂದರೆ ಒಂದು ದಿನದ ಕೂಲಿ ಹೋಯಿತು. ಆಂಡಿಪಟ್ಟಿ ಹತ್ತಿರದ ಕಾನಾವಿಲಕ್ಕಿನಲ್ಲಿ ತೇನಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ನಿಜ. ಆದರೆ ಕಂಬಂ ಕಡೆಯಿಂದ ಹೋಗಿ, ಚೀಟಿ ಮಾಡಿಸಿ, ಕಾದು, ವಾಪಸ್ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಮೊದಲ ಸಲ ಹೋಗುತ್ತಾರೆ, ಎರಡನೇ ಸಲ ಹೋಗುತ್ತಾರೆ, ಮೂರನೇ ಸಲ ಬಿಟ್ಟುಬಿಡುತ್ತಾರೆ.

ಇದು ಬರೀ ತೇನಿಯ ಕಥೆಯಲ್ಲ. ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕು. ಕುಡಿತಕ್ಕೆ ಪೂರಾ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕವರು 38ಕ್ಕೆ ಒಬ್ಬರು ಮಾತ್ರ.

ಅಮೆರಿಕದಲ್ಲಿ ಕಂಡದ್ದು

ಆ್ಯಪಿನಿಂದ ಕುಡಿತ ಕಡಿಮೆಯಾಗುತ್ತದೆಯೇ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ‘ಎ-ಚೆಸ್’ ಎಂಬ ಆ್ಯಪನ್ನು ಇದಕ್ಕೆಂದೇ ಮಾಡಿ ನೋಡಿದರು. ವ್ಯಸನಮುಕ್ತಿ ಕೇಂದ್ರಗಳಿಂದ ಮನೆಗೆ ಹೊರಟ 349 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಈ ಆ್ಯಪ್ ಇದ್ದ ಫೋನನ್ನು ಎಂಟು ತಿಂಗಳು ಕೊಟ್ಟರು. ಮನುಷ್ಯ ತನ್ನ ಹಳೇ ಬಾರಿನ ಹತ್ತಿರ ಹೋದರೆ ಫೋನು ಎಚ್ಚರಿಸುತ್ತಿತ್ತು. ತಡೆಯಲಾಗದಷ್ಟು ಆಸೆಯಾದರೆ ಒತ್ತಲು ಒಂದು ಗುಂಡಿ. ಒತ್ತಿದರೆ ಗುರುತು ಮಾಡಿಟ್ಟ ಆಪ್ತರಿಗೆ ಸುದ್ದಿ ಹೋಗುತ್ತಿತ್ತು. 2014ರಲ್ಲಿ ಫಲಿತಾಂಶ ಬಂತು. ಮಿತಿಮೀರಿ ಕುಡಿದ ದಿನಗಳು ತಿಂಗಳಿಗೆ ಸರಾಸರಿ, ಫೋನ್ ಇಲ್ಲದವರಲ್ಲಿ 2.75, ಇದ್ದವರಲ್ಲಿ 1.39.

ಸುಮಾರು ಅರ್ಧದಷ್ಟು ಇಳಿಕೆ. ಆದರೆ ಒಂದು ಮಾತು ಗಮನಿಸಬೇಕು. ಗುಂಡಿ ಒತ್ತಿದಾಗ ಆ ಕಡೆ ಮನುಷ್ಯರಿದ್ದರು. ಆ ಕಡೆ ಯಾರೂ ಇಲ್ಲದ, ಬರೀ ದಿನ ಎಣಿಸಿ ತೋರಿಸುವ ಆ್ಯಪುಗಳು ಪ್ಲೇ ಸ್ಟೋರಿನಲ್ಲಿ ಬೇಕಾದಷ್ಟಿವೆ. ಅವೂ ಇವೂ ಒಂದೇ ಅಂದುಕೊಳ್ಳಬಾರದು. ಅಮೆರಿಕ ಸರ್ಕಾರ 2017ರಲ್ಲಿ ವೈದ್ಯರ ಚೀಟಿಯ ಮೇಲೆ ಕೊಡಬಹುದೆಂದು ಒಪ್ಪಿದ ‘ರೀಸೆಟ್’ ಆ್ಯಪ್ ಮಾಡಿದ ಪಿಯರ್ ಥೆರಪ್ಯೂಟಿಕ್ಸ್ ಕಂಪನಿ 2023ರ ಏಪ್ರಿಲ್‌ನಲ್ಲಿ ದಿವಾಳಿ ಎದ್ದಿತು.

ಮಾತು ಕನ್ನಡ, ಓದು ತಮಿಳು

ನಮ್ಮ ಕಡೆಗೆ ಬರೋಣ. ಈ ಕಣಿವೆಯ ಒಕ್ಕಲಿಗರನ್ನು ಇಲ್ಲಿ ಕಾಪ್ಪಿಲಿಯರ್ ಎನ್ನುತ್ತಾರೆ. ದಿಂಡಿಗಲ್ ಸುತ್ತಿನ ಅನುಪ್ಪರು, ಬೋಡಿ ಕಡೆಯ ದೇವಾಂಗರು ಸೇರಿ ಮನೆಯೊಳಗೆ ಕನ್ನಡ ಉಳಿಸಿಕೊಂಡವರು ಇವತ್ತಿಗೂ ಇದ್ದಾರೆ. ಆದರೆ ಇದು ಬಾಯಲ್ಲಿ ಉಳಿದ ಕನ್ನಡ. ಶಾಲೆ ತಮಿಳು, ಬಸ್ಸಿನ ಬೋರ್ಡು ತಮಿಳು, ಫೋನೂ ತಮಿಳು. ಹೀಗಾಗಿ ಕನ್ನಡ ಅಕ್ಷರದ ಆ್ಯಪ್ ಕೊಟ್ಟರೆ ಅಜ್ಜನಿಗೂ ಬೇಡ, ಮೊಮ್ಮಗನಿಗೂ ಬೇಡ. ಓದೋಕೆ ತಮಿಳು ಸಾಕು. ಆದರೆ ಹೆಂಡತಿಯನ್ನು ಹೊಡೆದೆ, ಮಗಳ ಒಡವೆ ಅಡ ಇಟ್ಟೆ ಎಂಬಂಥ ಮಾತು ಬಾಯಿಬಿಟ್ಟು ಹೇಳಲು ಮನೆಮಾತೇ ಬೇಕು. ಗಡಿಯಲ್ಲಿ ಎರಡು ಭಾಷೆ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಉಪಯೋಗಕ್ಕೆ ಬರುವುದು ಕೇಂದ್ರ ಸರ್ಕಾರದ ‘ಟೆಲಿ-ಮಾನಸ್’. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. 20 ಭಾಷೆಗಳಲ್ಲಿ ಸೇವೆ ಇದೆ; ಕನ್ನಡ, ತಮಿಳು ಎರಡೂ ಅದರಲ್ಲಿವೆ. 2024ರ ಅಕ್ಟೋಬರ್ 10ರಂದು ಇದರದೇ ಆ್ಯಪ್ ಬಂತು. ಮುಖ ನೋಡಿ ಮಾತಾಡುವ ವಿಡಿಯೊ ಸೌಲಭ್ಯವನ್ನು ಮೊದಲು ಕೊಟ್ಟದ್ದು ಕರ್ನಾಟಕ, ತಮಿಳುನಾಡು ಮತ್ತು ಜಮ್ಮು-ಕಾಶ್ಮೀರಕ್ಕೆ. ಆ್ಯಪ್ ಹಾಕಿಕೊಳ್ಳಲು ಬಾರದವರಿಗೆ ಗುಂಡಿ ಒತ್ತುವ ಹಳೇ ಫೋನೇ ಸಾಕು. ಬೆಂಗಳೂರಿನವರ ಕನ್ನಡ ಕಂಬಂ ಕಿವಿಗೆ ಬೇರೆಯಾಗಿ ಕೇಳಿಸಬಹುದು, ಅದಕ್ಕೆ ಸಂಕೋಚ ಬೇಡ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದರಾಯಿತು.

ಕುಡಿಯುವವನೇ ಫೋನ್ ಮಾಡಬೇಕೆಂದಿಲ್ಲ. ಹೆಂಡತಿ, ಅವ್ವ, ಮಕ್ಕಳೂ ಕೇಳಬಹುದು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಸಣ್ಣ ಸಮುದಾಯದಲ್ಲಿ ಆಸ್ಪತ್ರೆ ಬಾಗಿಲಲ್ಲಿ ಸಂಬಂಧಿಕರ ಕಣ್ಣಿಗೆ ಬೀಳುವ ಭಯ ದೊಡ್ಡದು. ಮದುವೆ ಸಂಬಂಧದ ಮಾತು ನಡೆದಿರುವ ಮನೆಯಲ್ಲಂತೂ ಇನ್ನೂ ದೊಡ್ಡದು. ಫೋನಿನಲ್ಲಿ ಆ ಭಯವಿಲ್ಲ. ಹಾಗೆಂದು ಕುಡಿದು ಬಿದ್ದವನ ಫೋಟೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಬುದ್ಧಿವಂತಿಕೆ ಮಾತ್ರ ಯಾರೂ ಮಾಡಬಾರದು.

ಫೋನ್ ಮಾಡಲಾಗದ್ದು

ವರ್ಷಗಟ್ಟಲೆ ದಿನಾ ಕುಡಿದವರು ಆ್ಯಪ್ ನಂಬಿಕೊಂಡು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಗೊತ್ತುಗುರಿಯಿಲ್ಲದ ಮಾತು ಶುರುವಾದರೆ ಜೀವಕ್ಕೇ ಕುತ್ತು. ದೆವ್ವ ಹಿಡಿದಿದೆ ಎಂದು ಪೂಜೆಗೆ ಓಡುವುದು ಬೇಡ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಈ ದಿನಗಳನ್ನು ವೈದ್ಯರ ಕೈಯಲ್ಲೇ ದಾಟಿಸಬೇಕು. ಮೊಬೈಲ್ ಕೆಲಸ ಅದರ ನಂತರ.

ಇದೇ ಮೊಬೈಲಿನಲ್ಲಿ ಇನ್ನೊಂದು ಕಾಟವಿದೆ. ‘ಗಂಡನಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂಬ ಪುಡಿಗಳ ಜಾಹೀರಾತು. ಅದರೊಳಗೆ ಏನಿದೆಯೋ ದೇವರಿಗೇ ಗೊತ್ತು. ಕುಡಿತ ಬಿಡಿಸಲು ವೈದ್ಯರು ಬರೆದುಕೊಡುವ ಡೈಸಲ್ಫಿರಾಂ ಎಂಬ ಮಾತ್ರೆ ಇದೆ. ಅದನ್ನು ನುಂಗಿ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗುವ ಸಂಭವವೂ ಉಂಟು. ಅದಕ್ಕೇ ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಕದ್ದು ಹಾಕುವ ಔಷಧಿ ಯಾವುದೇ ಇರಲಿ, ಕೊಳ್ಳಬೇಡಿ.

ಬಾಟಲಿ ಬಿಟ್ಟ ಕೈಗೆ ಆನ್‌ಲೈನ್ ರಮ್ಮಿ ಅಂಟಿಕೊಂಡದ್ದೂ ಉಂಟು. ದುಡ್ಡು ಕಟ್ಟಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದೆ, ಆದರೂ ಕಣ್ಣಿಡುವುದು ಒಳ್ಳೆಯದು. ಮೊಬೈಲ್ ಗೀಳಿಗೇ ನಿಮ್ಹಾನ್ಸ್ 2014ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು.

ಗಾಂಜಾ ಮತ್ತಿತರ ಮಾದಕ ವಸ್ತುಗಳ ಚಟಕ್ಕೆ ಸಹಾಯವಾಣಿ 14446. ಬೀಡಿ, ಸಿಗರೇಟು, ತಂಬಾಕು ಬಿಡಲು 1800-11-2356. ಟೆಲಿ-ಮಾನಸ್ 14416 ಸಿಗದಿದ್ದರೆ 1800-891-4416. ಏಲಕ್ಕಿ ತೋಟದೊಳಗೆ ಸಿಗ್ನಲ್ ಸಿಗದ ಜಾಗಗಳಿವೆ. ಅಲ್ಲಿ ಕೆಲಸ ಮಾಡುವವರು ಜೀಪು ಇಳಿದ ಕೂಡಲೇ, ಅಂಗಡಿ ದಾರಿ ಹಿಡಿಯುವ ಮೊದಲು ಕರೆ ಮಾಡುವುದು ಅನುಕೂಲ.