ಅಶ್ಲೀಲವೂ ಅಪಕಾರವೂ: ಪೋರ್ನೋಗ್ರಫಿಯನ್ನು ಕುರಿತ ಸ್ತ್ರೀವಾದಿ ನೀತಿವಿಚಾರ

ಇಂಗ್ಲಿಷಿನ ‘ಪೋರ್ನೋಗ್ರಫಿ’ ಎಂಬ ಶಬ್ದಕ್ಕೆ ನಾವು ಸಾಮಾನ್ಯವಾಗಿ ‘ಅಶ್ಲೀಲ ಸಾಹಿತ್ಯ’ ಎಂದೋ ‘ಅಶ್ಲೀಲ ಚಿತ್ರ’ ಎಂದೋ ಅರ್ಥ ಹೇಳುವುದುಂಟು. ವ್ಯವಹಾರಕ್ಕೆ ಇದು ಸಾಕಾಗಬಹುದು. ಆದರೆ 1970ರ ದಶಕದಿಂದೀಚೆಗೆ ಅಮೆರಿಕದ ಸ್ತ್ರೀವಾದಿ ಚಿಂತಕರು ಈ ವಿಷಯವಾಗಿ ಹೂಡಿದ ವಾದವನ್ನು ಈ ಅನುವಾದದ ಮೂಲಕ ತಿಳಿಯಹೊರಟರೆ ವಾದದ ಮರ್ಮವೇ ಕೈತಪ್ಪಿಹೋಗುತ್ತದೆ. ಅಶ್ಲೀಲವೆಂಬುದು ಓದುವವನ ಅಥವಾ ನೋಡುವವನ ಮನಸ್ಸಿನಲ್ಲಿ ಉಂಟಾಗುವ ವಿಕಾರವನ್ನು ಹೇಳುವ ಮಾತು. ಸ್ತ್ರೀವಾದಿಗಳು ಕೇಳಿದುದಾದರೋ, ಚಿತ್ರಿತಳಾದ ಹೆಂಗಸಿಗೂ ಆಕೆಯ ಮೂಲಕ ಸ್ತ್ರೀಯರೆಲ್ಲರಿಗೂ ಆಗುವ ಅಪಕಾರವೇನು ಎಂಬುದನ್ನು. ಈ ಎರಡು ಪ್ರಶ್ನೆಗಳ ಅಂತರವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಪ್ರಶ್ನೆ ನಮಗೆ ಹೊಸದಲ್ಲ. ವಾಮನನೇ ಮೊದಲಾದ ಆಲಂಕಾರಿಕರು ಅಶ್ಲೀಲವನ್ನು ದೋಷಗಳಲ್ಲಿ ಎಣಿಸಿ, ಲಜ್ಜೆಯನ್ನು ಹುಟ್ಟಿಸುವುದು, ಜುಗುಪ್ಸೆಯನ್ನು ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಈ ಮೂರರಲ್ಲಿಯೂ ಪ್ರಮಾಣವಾಗಿರುವುದು ಸಹೃದಯನ ಚಿತ್ತವೃತ್ತಿಯೇ. ಆನಂದವರ್ಧನನು ‘ಕುಮಾರಸಂಭವ’ದ ಪಾರ್ವತೀಪರಮೇಶ್ವರರ ಶೃಂಗಾರವರ್ಣನೆಯನ್ನು ವಿಚಾರಿಸುವಾಗಲೂ, ಉತ್ತಮದೇವತೆಗಳ ವಿಷಯದಲ್ಲಿ ಅದು ಅನುಚಿತವಾದರೂ ಕವಿಯ ಶಕ್ತಿಯಿಂದ ಆ ದೋಷವು ಮರೆಯಾಗುತ್ತದೆಂದು ಸಮಾಧಾನ ಹೇಳುತ್ತಾನೆ. ಕಾವ್ಯವಿಚಾರಕ್ಕೆ ಇದು ಯುಕ್ತವೇ ಸರಿ. ಕವಿಕಲ್ಪನೆಯ ನಾಯಿಕೆಗೆ ವರ್ಣನೆಯಿಂದ ನೋವಾಗುವ ಸಂಭವವಿಲ್ಲ.

ಪಾಶ್ಚಾತ್ಯ ನ್ಯಾಯಶಾಸ್ತ್ರವೂ ಬಹುಕಾಲ ಇದೇ ದಾರಿಯಲ್ಲಿ ನಡೆಯಿತು. 1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಕಾಕ್‌ಬರ್ನನು, ಅನೀತಿಯ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವ ಮನಸ್ಸುಗಳನ್ನು ಕೆಡಿಸುವ ಪ್ರವೃತ್ತಿಯುಳ್ಳ ಬರಹವೇ ಅಶ್ಲೀಲವೆಂದು ನಿರ್ಣಯಿಸಿದನು. ಭಾರತದ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಡಿ. ಎಚ್. ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ ಮಾರಾಟವನ್ನು ಕುರಿತ ಮೊಕದ್ದಮೆಯಲ್ಲಿ ಈ ಅಳತೆಯನ್ನು ಅಂಗೀಕರಿಸಿತು. 2014ರಲ್ಲಿ ಅದನ್ನು ಕೈಬಿಟ್ಟು, ಸಮಕಾಲೀನ ಸಮಾಜದ ಅಭಿರುಚಿಯೇ ಅಳತೆಯೆಂದಿತು. ಕೆಡುವ ಸಂಭವವುಳ್ಳ ದುರ್ಬಲನ ಸ್ಥಾನಕ್ಕೆ ಸಮಾಜದ ಸಾಧಾರಣ ವ್ಯಕ್ತಿ ಬಂದನು. ಆದರೆ ವಿಚಾರಣೆಗೆ ಗುರಿಯಾದುದು ಆಗಲೂ ಈಗಲೂ ನೋಡುವವನ ಮನಸ್ಸೇ.

ಈ ಅಳತೆಯಿಂದ ಸ್ತ್ರೀಯರಿಗೆ ರಕ್ಷಣೆ ದೊರೆಯುತ್ತದೆಂದು ತಿಳಿದರೆ ಅದು ಭ್ರಮೆ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರಕಾವ್ಯವನ್ನು ಮೈಸೂರು ಸೀಮೆಯ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು 1910ರಲ್ಲಿ ಪರಿಷ್ಕರಿಸಿ ಮದರಾಸಿನಲ್ಲಿ ಪ್ರಕಟಿಸಿದರು. ಕಂದುಕೂರಿ ವೀರೇಶಲಿಂಗಂ ಪಂತುಲುಗಳಂತಹ ಸುಧಾರಕರೇ ಆ ಕಾವ್ಯವು ಹೆಂಗಸರ ಕಿವಿಗೆ ಬೀಳಬಾರದ್ದೆಂದು ನಿಂದಿಸಿದ್ದರು. ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರವೋ, ಗಂಡಸು ಕವಿಗಳಿಗೆ ಬೇಡವೋ ಎಂದು ನಾಗರತ್ನಮ್ಮನವರು ಮರುಪ್ರಶ್ನೆ ಹಾಕಿದರು. ಆದರೂ 1911ರಲ್ಲಿ ಪುಸ್ತಕದ ಪ್ರತಿಗಳು ಮುಟ್ಟುಗೋಲಾದುವು. ನಿಷೇಧವು ತೆರವಾದುದು 1947ರಲ್ಲಿ. ರಾಧೆಯ ಬಯಕೆಯನ್ನು ಹೆಂಗಸೊಬ್ಬಳು ತಾನೇ ಹಾಡಿದ ಈ ಕಾವ್ಯದಿಂದ ಯಾವ ಹೆಂಗಸಿಗೆ ಏನು ಕೇಡಾಯಿತೆಂದು ಯಾರೂ ಕೇಳಲಿಲ್ಲ. ಅಶ್ಲೀಲದ ಅಳತೆಗೆ ಆ ಪ್ರಶ್ನೆಯ ಅವಶ್ಯಕತೆಯೇ ಇಲ್ಲ.

ಇಲ್ಲಿ ಕೇಳದೆ ಉಳಿದ ಆ ಪ್ರಶ್ನೆಯನ್ನೇ ಮುಂದೆ ಅಮೆರಿಕದ ಸ್ತ್ರೀವಾದಿಗಳು ಮುಂದಿಟ್ಟರು. ಆಂಡ್ರಿಯಾ ಡ್ವೋರ್ಕಿನ್ 1981ರ ತಮ್ಮ ಗ್ರಂಥದಲ್ಲಿ, ‘ಪೋರ್ನೆ’ ಎಂಬ ಗ್ರೀಕ್ ಶಬ್ದವು ಅತ್ಯಂತ ಕೆಳದರ್ಜೆಯ ವೇಶ್ಯೆಯನ್ನು ಹೇಳುತ್ತಿದ್ದಿತೆಂಬುದನ್ನು ನೆನಪಿಸಿ, ಪೋರ್ನೋಗ್ರಫಿಯು ಕಾಮದ ಚಿತ್ರಣವಲ್ಲ, ಸ್ತ್ರೀಯನ್ನು ಭೋಗವಸ್ತುವಾಗಿ ಕೆಳಗಿಡುವ ಚಿತ್ರಣವೆಂದು ವಾದಿಸಿದರು. ಹೆಲನ್ ಲಾಂಜಿನೋ 1980ರ ಪ್ರಬಂಧದಲ್ಲಿ, ರತಿಯ ವರ್ಣನೆಯಾಗಲಿ ನಗ್ನತೆಯಾಗಲಿ ತಾನಾಗಿ ದೋಷವಲ್ಲ, ಸ್ತ್ರೀಯ ಅವಮಾನವನ್ನು ಚಿತ್ರಿಸುವುದರ ಜೊತೆಗೆ ಅದನ್ನು ಒಪ್ಪತಕ್ಕದ್ದೆಂದು ಅನುಮೋದಿಸುವುದೇ ದೋಷ ಎಂದು ಸ್ಪಷ್ಟಪಡಿಸಿದರು. ಹಾಗಾದರೆ ಅತ್ಯಾಚಾರವನ್ನು ಅದರ ಘೋರವು ತಿಳಿಯುವಂತೆ ವರ್ಣಿಸಿದ ಕಾದಂಬರಿಯು ಈ ಲಕ್ಷಣಕ್ಕೆ ಸೇರದು. ವಸ್ತ್ರಾಭರಣಗಳಿಂದ ಕೂಡಿದ ಚಿತ್ರವೂ ಕೆಲವೊಮ್ಮೆ ಸೇರಬಹುದು.

ಅವರು ಹೇಳಿದ ಅಪಕಾರವನ್ನು ಮೂರಾಗಿ ವಿಂಗಡಿಸಬಹುದು. ಒಂದನೆಯದು ತಯಾರಿಕೆಯಲ್ಲಿ ಆಗುವುದು. ಕಾವ್ಯದ ನಾಯಿಕೆ ಕಲ್ಪಿತಳು. ಛಾಯಾಚಿತ್ರದಲ್ಲಿರುವವಳು ರಕ್ತಮಾಂಸಗಳುಳ್ಳ ಹೆಂಗಸು. 1972ರ ಪ್ರಸಿದ್ಧ ಚಿತ್ರವೊಂದರಲ್ಲಿ ಲಿಂಡಾ ಲವ್‌ಲೇಸ್ ಎಂಬ ಹೆಸರಿನಿಂದ ನಟಿಸಿದ ಲಿಂಡಾ ಮಾರ್ಕಿಯಾನೋ, ಆ ಕಾಲದಲ್ಲಿ ತಾನು ಗಂಡನ ಹೊಡೆತಬೆದರಿಕೆಗಳಿಗೆ ಸಿಕ್ಕಿ ಹಾಗೆ ಮಾಡಬೇಕಾಯಿತೆಂದು 1980ರ ಆತ್ಮಕಥೆಯಲ್ಲಿ ಹೇಳಿಕೊಂಡರು. ಎರಡನೆಯದು ಬಳಕೆಯಲ್ಲಿ ಆಗುವುದು: ಇಂಥ ಚಿತ್ರಗಳನ್ನು ತೋರಿಸಿ ಹಾಗೆಯೇ ನಡೆಯಬೇಕೆಂದು ಹೆಂಡತಿಯನ್ನೋ ಸಹೋದ್ಯೋಗಿಯನ್ನೋ ಬಲಾತ್ಕರಿಸುವುದು. ಮೂರನೆಯದು ಅರ್ಥದಲ್ಲಿ ಆಗುವುದು, ಇದೇ ಸೂಕ್ಷ್ಮವಾದುದು. ರೇ ಲ್ಯಾಂಗ್ಟನ್ 1993ರಲ್ಲಿ, ಮಾತೆಂಬುದು ವರ್ಣನೆ ಮಾತ್ರವಲ್ಲ, ಕ್ರಿಯೆಯೂ ಹೌದು ಎಂಬ ಜೆ. ಎಲ್. ಆಸ್ಟಿನನ ತತ್ತ್ವವನ್ನು ಹಿಡಿದು ಇದನ್ನು ವಿವರಿಸಿದರು. ‘ಬೇಡ’ ಎಂಬುದು ನಿರಾಕರಣವಾಗಬೇಕಾದರೆ ಕೇಳುವವನು ಅದನ್ನು ನಿರಾಕರಣವೆಂದು ಗ್ರಹಿಸಬೇಕು. ಹೆಣ್ಣಿನ ‘ಬೇಡ’ಕ್ಕೆ ‘ಬೇಕು’ ಎಂದೇ ಅರ್ಥವೆಂದು ಮತ್ತೆಮತ್ತೆ ಕಲಿಸಲ್ಪಟ್ಟವನ ಎದುರಿನಲ್ಲಿ ಆಕೆ ಬಾಯಿಬಿಟ್ಟು ಆಡಿದರೂ ಮೂಕಳಾಗುತ್ತಾಳೆ. ವಾಚ್ಯಾರ್ಥ ಲಕ್ಷ್ಯಾರ್ಥಗಳನ್ನು ಬೋಧಿಸುವ ನಮಗೆ ಈ ಮಾತಿನ ಗುರುತ್ವವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ವಿಚಾರವನ್ನು ಶಾಸನವಾಗಿಸುವ ಯತ್ನವು 1983ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ನಡೆಯಿತು. ಡ್ವೋರ್ಕಿನ್ನರೂ ನ್ಯಾಯಶಾಸ್ತ್ರಜ್ಞೆ ಕ್ಯಾಥರೀನ್ ಮ್ಯಾಕಿನನ್ನರೂ ರಚಿಸಿದ ಆ ಮಸೂದೆಯಲ್ಲಿ ಪೊಲೀಸರ ದಸ್ತಗಿರಿಯಾಗಲಿ ಸೆರೆವಾಸವಾಗಲಿ ಇರಲಿಲ್ಲ; ಅಪಕಾರಕ್ಕೊಳಗಾದ ಸ್ತ್ರೀಯು ತಾನೇ ದಾವೆ ಹೂಡಿ ಪರಿಹಾರ ಪಡೆಯಬಹುದೆಂದಿತ್ತು. ಮಾರ್ಕಿಯಾನೋ ಅಲ್ಲಿ ಸಾಕ್ಷ್ಯ ನುಡಿದರು. ನಗರಾಧ್ಯಕ್ಷನು ಅದನ್ನು ತಳ್ಳಿಹಾಕಿದನು. 1984ರಲ್ಲಿ ಇಂಡಿಯಾನಾಪೊಲಿಸ್ ನಗರವು ಅಂಥದೇ ಶಾಸನವನ್ನು ಮಾಡಿದಾಗ, 1985ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಅಸಿಂಧುವೆಂದಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಇಂಥ ಚಿತ್ರಣವು ಸ್ತ್ರೀಯರ ಅಧೀನಸ್ಥಿತಿಯನ್ನು ಬೆಳೆಸುತ್ತದೆಂಬ ಮಾತನ್ನು ನ್ಯಾಯಾಧೀಶ ಈಸ್ಟರ್‌ಬ್ರೂಕ್ ಅಲ್ಲಗಳೆಯಲಿಲ್ಲ. ಅದು ವಾಕ್ಕಿನ ಶಕ್ತಿಯನ್ನೇ ತೋರಿಸುತ್ತದೆ, ಆದಕಾರಣ ಅದಕ್ಕೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟು ಎಂದನು.

ಸ್ತ್ರೀವಾದಿಗಳೆಲ್ಲರೂ ಈ ಶಾಸನದ ಪಕ್ಷದಲ್ಲಿದ್ದರೆಂದು ತಿಳಿಯಬಾರದು. ನ್ಯಾನ್ ಹಂಟರ್, ಸಿಲ್ವಿಯಾ ಲಾ ಮೊದಲಾದವರು ಅದೇ ನ್ಯಾಯಾಲಯದ ಮುಂದೆ ವಿರುದ್ಧವಾದ ಮನವಿಯನ್ನು ಸಲ್ಲಿಸಿದರು. ‘ಅಧೀನತೆ’ ಎಂಬ ಮಾತಿಗೆ ಅರ್ಥಕಟ್ಟುವವರು ಅಧಿಕಾರಸ್ಥರೇ ಆಗುವುದರಿಂದ, ಸ್ತ್ರೀಯರ ಸ್ವಂತ ಶೃಂಗಾರೋಕ್ತಿಯೇ ಮೊದಲು ಬಲಿಯಾದೀತೆಂಬುದು ಅವರ ಆತಂಕ. ಕೆನಡಾದ ಸರ್ವೋಚ್ಚ ನ್ಯಾಯಾಲಯವು 1992ರ ಬಟ್ಲರ್ ಮೊಕದ್ದಮೆಯಲ್ಲಿ, ಅಶ್ಲೀಲಕ್ಕೆ ಸಮಾಜಕ್ಕೆ, ವಿಶೇಷವಾಗಿ ಸ್ತ್ರೀಯರಿಗೆ, ಆಗುವ ಅಪಕಾರವೇ ಅಳತೆಯೆಂದು ಹೇಳಿತು. ಅದಾದ ಸ್ವಲ್ಪಕಾಲದಲ್ಲಿಯೇ ಸಲಿಂಗಾಪೇಕ್ಷಿಗಳಾದ ಸ್ತ್ರೀಯರು ತಮಗಾಗಿ ತಾವೇ ಹೊರಡಿಸುತ್ತಿದ್ದ ಪತ್ರಿಕೆಯನ್ನು ಮಾರಿದುದಕ್ಕೆ ಟೊರಾಂಟೊ ನಗರದ ಪುಸ್ತಕದಂಗಡಿಯೊಂದು ಅಪರಾಧಿಯೆನಿಸಿತು. ಮುದ್ದುಪಳನಿಯ ಕಾವ್ಯಕ್ಕಾದ ಗತಿಯನ್ನು ಬಲ್ಲವರಿಗೆ ಈ ಆತಂಕವು ಬರಿಯ ಊಹೆಯೆನಿಸಲಾರದು.

ಆದರೆ ಶಾಸನವು ಎಡವಿತೆಂದ ಮಾತ್ರಕ್ಕೆ ವಾದವು ಸುಳ್ಳಾಗುವುದಿಲ್ಲ. ನೋಡುವವನು ನಾಚಿದನೋ ಇಲ್ಲವೋ ಎಂಬುದನ್ನು ಬಿಟ್ಟು, ಚಿತ್ರಿತಳಾದವಳು ಒಪ್ಪಿದಳೋ ಇಲ್ಲವೋ ಎಂದು ಕೇಳುವ ನ್ಯಾಯವು ಭಾರತದ ಕಾನೂನಿನಲ್ಲಿಯೂ ಕಾಣಿಸಿಕೊಂಡಿದೆ. 2013ರ ತಿದ್ದುಪಡಿಯು, ಖಾಸಗಿ ಚಿತ್ರವನ್ನು ತೆಗೆಯಲು ಹೆಂಗಸು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧವೆಂದು ಸಾರಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಲ್ಲಿ ಚಿತ್ರವು ಅಶ್ಲೀಲವೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಯಂತ್ರಬುದ್ಧಿಯಿಂದ ಯಾರ ಮುಖವನ್ನಾದರೂ ಯಾವ ದೇಹಕ್ಕಾದರೂ ಜೋಡಿಸಬಹುದಾದ ಈ ಕಾಲದಲ್ಲಿ ಈ ವಿವೇಕವು ಅತ್ಯವಶ್ಯಕ.

ಇಷ್ಟರಿಂದ ಒಂದು ನಿರ್ಣಯಕ್ಕೆ ಬರಬಹುದು. ‘ಅಶ್ಲೀಲ’ವು ಅಭಿರುಚಿಯ ಶಬ್ದ, ‘ಅಪಕಾರ’ವು ನ್ಯಾಯದ ಶಬ್ದ. ಎರಡನ್ನೂ ಒಂದೇ ಮಾತಿನಿಂದ ಹೇಳುತ್ತಿರುವವರೆಗೆ, ಹೆಣ್ಣು ಹಾಡಿದ ಶೃಂಗಾರವು ಶಿಕ್ಷೆಗೆ ಗುರಿಯಾಗಿ, ಹೆಣ್ಣಿಗೆ ಬಗೆದ ದ್ರೋಹವು ನಾಚಿಕೆಯ ಮುಸುಕಿನಲ್ಲಿ ಉಳಿದುಹೋಗುವ ಅಪಾಯ ತಪ್ಪದು. ಆದಕಾರಣ ಪೋರ್ನೋಗ್ರಫಿ ಎಂಬ ಶಬ್ದವನ್ನು ಹಾಗೆಯೇ ಇಟ್ಟುಕೊಂಡು, ಅಶ್ಲೀಲವನ್ನು ಕಾವ್ಯದೋಷವಿಚಾರಕ್ಕೆ ಬಿಡುವುದು ಲೇಸೆಂದು ತೋರುತ್ತದೆ. ತರಗತಿಯಲ್ಲಿ ಶೃಂಗಾರಪದ್ಯ ಬಂದಾಗ ಪುಟ ಮಗುಚಿ ಮುಂದೆ ಹೋಗುವ ಅಧ್ಯಾಪಕರು, ಇದು ನಾಚಿಕೆಗೇಡೋ ಎಂದು ಕೇಳುವುದಕ್ಕೆ ಬದಲಾಗಿ, ಇಲ್ಲಿ ಹೆಣ್ಣಿನ ಮಾತಿಗೆ ಬೆಲೆಯುಂಟೋ ಎಂದು ಕೇಳಿದರೆ, ಕಾವ್ಯಕ್ಕೂ ವಿದ್ಯಾರ್ಥಿಗಳಿಗೂ ಉಪಕಾರವಾದೀತು.