ಅವ್ವನ ಕೆನೆ, ಮಗಳ ತುರಿಕೆ

ಪುಣೆಯಲ್ಲಿ ಚಳಿ ಶುರುವಾದರೆ ನನಗೆ ರಾತ್ರಿ ಪಾಳಿ, ಆಫೀಸಿನದಲ್ಲ, ಮನೆಯದು. 2 ವರ್ಷದ ಮಗಳು ಮೊಣಕಾಲ ಸಂದು ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದಳು. ಹಾಲು, ಮೊಟ್ಟೆ ಎರಡೂ ಅವಳಿಗೆ ಆಗದು.

ಧಾರವಾಡದಿಂದ ಅವ್ವ ಫೋನ್‌ನಲ್ಲಿ, ‘ಕೆನಿ ಹಚ್ಚಿ, ಕಡ್ಲಿ ಹಿಟ್ಟಿಲೆ ತಿಕ್ಕಿ ಎರದು ನೋಡಪಾ’ ಎಂದಳು. ಹಚ್ಚಿದೆವು. ಮೈಯೆಲ್ಲ ದದ್ದು! ಒಡೆದ ಚರ್ಮಕ್ಕೆ ತಾಗಿದರೂ ಹಾಲು ಹಾಲೇ ಎಂದು ವೈದ್ಯರು ಬೈದರು.

ಈಗ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷದೊಳಗೆ ಸ್ನಾನ. ಉಜ್ಜದೆ ಒತ್ತಿ ಒರೆಸಿ, 3 ನಿಮಿಷದೊಳಗೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್. ಕೆಂಪಾದಲ್ಲಿ ವೈದ್ಯರು ಬರೆದ ಸ್ಟೀರಾಯ್ಡ್ ಕ್ರೀಮು. ಹೆದರಿ ನಾನೇ ಅರ್ಧಕ್ಕೆ ಬಿಟ್ಟು ಕೆಡಿಸಿದ್ದೂ ಉಂಟು. ತುರಿಕೆ ಜೋರಾದ ರಾತ್ರಿ, ವೈದ್ಯರು ತೋರಿಸಿಕೊಟ್ಟಂತೆ, ಮೈಗೆ ಒದ್ದೆ ಹತ್ತಿ ಬಟ್ಟೆ, ಮೇಲೆ ಒಣ ಬಟ್ಟೆ.

ಮೊನ್ನೆ ಬಂದ ಅವ್ವ, ತನ್ನ ಹಳೇ ನೂಲಿನ ಸೀರೆ ಹರಿದು ಪಟ್ಟಿ ಮಾಡಿಟ್ಟು ಹೋಗಿದ್ದಾಳೆ.